ಕೆಂಪು ಬಟನ್

ಸ್ನಾನದ ಮನೆಯ ನಲ್ಲಿಯನ್ನು ಜೋರಾಗಿ ತಿರುಗಿಸಿಟ್ಟು, ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಆಕೆ ರಿಮೋಟಿನ ಹೊಟ್ಟೆಯೊಳಗೆ ಎರಡನೇ ಸೆಲ್ಲನ್ನು ತುರುಕುತ್ತಿದ್ದಳು. ಮೊದಲನೆಯದು ಸಲೀಸಾಗಿ ಕೂತಿತ್ತು. ಇದು ಮಾತ್ರ ಹಟ ಹಿಡಿದಿತ್ತು. ಸ್ಪ್ರಿಂಗು ಬಗ್ಗಿಹೋಗಿ, ಒತ್ತಿದರೆ ಪಕ್ಕಕ್ಕೆ ಜಾರುತ್ತಿತ್ತು, ಬೆರಳು ತೆಗೆದರೆ ಸೆಲ್ಲನ್ನೇ ಹೊರಗೆ ಚಿಮ್ಮುತ್ತಿತ್ತು. ಒಮ್ಮೆ ಅದು ಕೈತಪ್ಪಿ ಬಕೆಟ್ಟಿನ ಹಿಂದಕ್ಕೆ ಉರುಳಿತು. ಆಕೆ ಮೊಣಕಾಲೂರಿ ಒದ್ದೆ ನೆಲವನ್ನು ತಡಕಾಡಿದಳು. ಗಂಡ ಸತ್ತ ಮನೆಯಲ್ಲಿ ಹೆಂಡತಿಯಾದವಳು ಮಾಡುವ ಕೆಲಸವೇ ಇದು?

"ಬಾಗಿಲು ತೆಗೀಯೇ," ಹೊರಗಿನಿಂದ ದೊಡ್ಡಕ್ಕ ಬಡಿದಳು. "ಎಷ್ಟೊತ್ತು ಒಳಗೆ? ತಲೆಗಿಲೆ ಸುತ್ತು ಬಂತಾ?"

"ಇಲ್ಲ ಅಕ್ಕಾ, ಬಂದೆ. ಮುಖ ತೊಳ್ಕೋತಿದೀನಿ."

"ಅಳು ಬಂದ್ರೆ ಹೊರಗೆ ಬಂದು ಎಲ್ಲರ ಮುಂದೆ ಅಳು. ಒಬ್ಬಳೇ ನುಂಗ್ಕೋಬೇಡ."

ದೊಡ್ಡಕ್ಕ ಸತ್ತವನ ಒಡಹುಟ್ಟಿದ ಅಕ್ಕ. ಬೆಳಿಗ್ಗೆ ನೋವಿನ ಮೊಣಕಾಲು ಹಿಡಿದುಕೊಂಡು ಮೂರನೇ ಮಹಡಿಗೆ ಹತ್ತಿ ಬಂದಿದ್ದಳು. ಪ್ರತಿ ತಿರುವಿನಲ್ಲೂ ನಿಂತು ತಮ್ಮನನ್ನು ಬೈದು, ಅತ್ತು, ಮತ್ತೆ ಬೈದಿದ್ದಳು: "ಊರಿನ ಕಟ್ಟಡಕ್ಕೆಲ್ಲ ಲಿಫ್ಟ್ ಹಾಕ್ದ, ತಾನು ಮಾತ್ರ ಲಿಫ್ಟೇ ಇಲ್ಲದ ಮನೆ ಹುಡುಕ್ಕೊಂಡ, ಪುಣ್ಯಾತ್ಮ!"

ಸೆಲ್ಲು ಕೊನೆಗೂ ಕೂತಿತು. ಅವೆರಡೂ ಈ ರಿಮೋಟಿನವೇ. ಬೇಸಿಗೆಯಲ್ಲಿ ಆಕೆಯೇ ಅವನ್ನು ತೆಗೆದು, ಒಂದನ್ನು ಅಡುಗೆಮನೆಯ ಗೋಡೆ ಗಡಿಯಾರಕ್ಕೆ, ಇನ್ನೊಂದನ್ನು ಮಾತ್ರೆಯ ಹೊತ್ತಿಗೆ ಎಬ್ಬಿಸುವ ಟೈಂಪೀಸಿಗೆ ಹಾಕಿದ್ದಳು. ಇವತ್ತು ಬೆಳಗಾಗುತ್ತಲೇ ಎರಡನ್ನೂ ಕಿತ್ತಿದ್ದಳು. ಪಾರ್ಶ್ವವಾಯು ಬಡಿದು ಮಾತು ನಿಂತಿದ್ದ ಗಂಡ, ಈ ರಿಮೋಟಿನ ಕೆಂಪು ಬಟನ್ ಒತ್ತಿದರೆ ಅಡುಗೆಮನೆಯಲ್ಲಿ ಗಂಟೆ ಬಾರಿಸುತ್ತಿತ್ತು. ಅವನಿಗಿದ್ದ ಬಾಯಿ ಅದೊಂದೇ. ಆ ಬಾಯಿಯನ್ನು ಹೆಂಡತಿ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದಳೆಂದು ಇವತ್ತು, ಇಷ್ಟು ಜನರ ಮುಂದೆ, ಗೊತ್ತಾಗಿಬಿಟ್ಟರೆ ತಾನು ಬದುಕಿದ್ದೂ ಸತ್ತಂತೆ ಎಂದು ಆಕೆಗೆ ಅನಿಸಿತು. ರಿಮೋಟನ್ನು ಟವೆಲಿನಲ್ಲಿ ಸುತ್ತಿಕೊಂಡು ಚಿಲಕ ತೆಗೆದಳು.

ಹಜಾರದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೊರಗಿ ನೆಲದ ಮೇಲೂ ಕೂತಿದ್ದರು. ಅವನನ್ನು ಒಳಗಿನ ಕೋಣೆಯಲ್ಲಿ, ಅವನ ಮಂಚದ ಮೇಲೆಯೇ ಮಲಗಿಸಿದ್ದರು. ಬಂದವರು ಒಳಗೆ ಹೋಗಿ, ಒಂದು ಗಳಿಗೆ ನಿಂತು, ಮೂಗು ಒರೆಸಿಕೊಂಡು ಬಂದು ಹಜಾರದಲ್ಲಿ ಕೂರುತ್ತಿದ್ದರು. ಮೂಲೆಯಲ್ಲಿದ್ದ ಆಕೆಯ ಹೊಲಿಗೆ ಯಂತ್ರದ ಮೇಲೆ ಯಾರೋ ಟೀ ಲೋಟಗಳ ತಟ್ಟೆ ಇಟ್ಟಿದ್ದರು. ಆಕೆ ಪರದೆ ಹೊಲಿದುಕೊಡುವವಳು. ಅರ್ಧ ಹೊಲಿದ ನೀಲಿ ಪರದೆಯೊಂದು ಯಂತ್ರದಿಂದ ಇನ್ನೂ ಜೋತಾಡುತ್ತಿತ್ತು.

"ನೀವೇನೇ ಹೇಳಿ," ದೊಡ್ಡಕ್ಕ ಆಕೆಯನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದಳು, "ನನ್ ತಮ್ಮ ಪುಣ್ಯ ಮಾಡಿದ್ದ. ಇವಳ ಹಾಗೆ ನೋಡ್ಕೊಳ್ಳೋರು ಈಗಿನ ಕಾಲದಲ್ಲಿ ಯಾರಿದಾರೆ? ಬೆಲ್ ಹೊಡೀತು ಅಂದ್ರೆ ಸಾಕು, ಕೈಲಿರೋ ಕತ್ತರಿ ಅಲ್ಲೇ ಬಿಸಾಕಿ ಓಡ್ತಿದ್ಲು. ನಾನೇ ಕಣ್ಣಾರೆ ನೋಡಿದೀನಿ."

ನೋಡಿದ್ದೇನೋ ನಿಜ. ದೊಡ್ಡಕ್ಕ ಬಂದು ಉಳಿದಿದ್ದು ಕಾಯಿಲೆಯ ಮೊದಲ ದಿನಗಳಲ್ಲಿ. ಆಗ ಆಕೆ ಓಡುತ್ತಿದ್ದಳು.

"ಬಿಡಿ ಅಕ್ಕಾ," ಎಂದಳು ಆಕೆ.

"ಯಾಕೆ ಬಿಡ್ಬೇಕು? ಇರೋದನ್ನ ಹೇಳಿದ್ರೆ ತಪ್ಪೇನು?"

ಎದುರಿಗಿದ್ದ ಗ್ರೀಸಣ್ಣ ಹೂಂಗುಟ್ಟಿದ. ಸತ್ತವನೂ ಅವನೂ ಲಿಫ್ಟ್ ಮೆಕ್ಯಾನಿಕ್‌ಗಳು. ಜೀವಮಾನವೆಲ್ಲ ಲಿಫ್ಟಿನಡಿಯ ಒಂದೇ ಗುಂಡಿಗೆ ಇಳಿದು, ಒಂದೇ ಡಬ್ಬಿಯಲ್ಲಿ ಉಂಡವರು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗದೆ ಆ ಹೆಸರು ಅಂಟಿತ್ತು.

"ಆ ಬೆಲ್ ಯಾವ್ದು ಗೊತ್ತಾ ದೊಡ್ಡಕ್ಕ?" ಗ್ರೀಸಣ್ಣ ಕೇಳಿದ. "ಹಳೇ ಲಿಫ್ಟೊಂದನ್ನ ಗುಜರಿಗೆ ಹಾಕುವಾಗ ಇವನೇ ಬಿಚ್ಕೊಂಡು ಬಂದಿದ್ದ. ಒಳಗೆ ಸಿಕ್ಕಾಕ್ಕೊಂಡೋರು ಒತ್ತೋ ಬೆಲ್ ಅದು. ನಮ್ಮ ಕೆಲಸದಲ್ಲಿ ಆ ಸದ್ದು ಕೇಳಿದ್ರೆ ಊಟದ ಕೈಲೇ ಎದ್ದು ಓಡ್ಬೇಕು. ಬೇರೆ ಮಾತೇ ಇಲ್ಲ."

"ಹೌದಾ?"

"ಒಂದ್ಸಲ ಏನಾಯ್ತು ಗೊತ್ತಾ? ಒಂದು ಕಟ್ಟಡದ ಮ್ಯಾನೇಜರು, ಮಕ್ಕಳು ಆಟಕ್ಕೆ ಒತ್ತುತಾರೆ, ಕಿರಿಕಿರಿ ಅಂತ ಆ ಬೆಲ್ಲಿನ ತಂತಿ ಕಿತ್ತಿಟ್ಟಿದ್ದ. ಇವನು ಯಾರಿಗೂ ಗಟ್ಟಿಯಾಗಿ 'ಹೋಗೋ' ಅಂದೋನಲ್ಲ. ಅವತ್ತು ಅವನ ಕಾಲರ್ ಹಿಡ್ಕೊಂಡ್ಬಿಟ್ಟ! 'ಒಳಗಿರೋನು ಕರೀತಿದಾನೆ, ಅದು ನಿಂಗೆ ಕೇಳಿಸ್ಬಾರ್ದು ಅಂತ ಕಿತ್ತಿಟ್ಯೇನೋ?' ಅಂದ. ಬಿಡಿಸೋಕೆ ನಾವು ಮೂರು ಜನ ಬೇಕಾಯ್ತು."

ಜನ ಮೆಲ್ಲಗೆ ನಕ್ಕರು. ಸಾವಿನ ಮನೆಯಲ್ಲಿ ಸತ್ತವನ ಮೇಲಿನ ಪ್ರೀತಿಗೆ ಬರುವ ನಗು ಅದು. ಆಕೆ ನೆಲದ ಹಾಸುಗಲ್ಲಿನ ಒಂದು ಬಿರುಕನ್ನೇ ನೋಡುತ್ತಾ ಕೂತಳು. ಟವೆಲಿನೊಳಗಿನ ರಿಮೋಟು ಕೆಂಡದ ಹಾಗೆ ತೊಡೆ ಸುಡುತ್ತಿತ್ತು.

ಒಳಗಿನ ಕೋಣೆಯಿಂದ ಮಗಳು ಬಂದಳು. ಅತ್ತು ಅತ್ತು ಮುಖ ಊದಿತ್ತು. "ಅಮ್ಮಾ, ಅಪ್ಪನ ರಿಮೋಟ್ ಎಲ್ಲಿ? ಬೆಳಿಗ್ಗೆಯಿಂದ ಹುಡುಕ್ತಿದೀನಿ. ಅದನ್ನ ಅಪ್ಪನ ಕೈಯಲ್ಲೇ ಇಟ್ಟು ಕಳ್ಸೋಣ."

"ಇಲ್ಲೇ ಇದೆ ಕಣೆ," ಆಕೆ ಟವೆಲ್ ಬಿಡಿಸಿದಳು.

ಗ್ರೀಸಣ್ಣ ಕೈ ಚಾಚಿ ಅದನ್ನು ಇಸಿದುಕೊಂಡ. ಅಂಗೈಯಲ್ಲಿ ತೂಗಿ ನೋಡಿದ. ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಗೋಡೆಯ ಮೇಲಿದ್ದ ಪುಟ್ಟ ಪೆಟ್ಟಿಗೆಗೆ ಗುರಿಯಿಟ್ಟು ಕೆಂಪು ಬಟನ್ ಒತ್ತಿದ. ಅಡುಗೆಮನೆಯಲ್ಲಿ ಗಂಟೆ ಎದೆ ಝಲ್ಲೆನ್ನುವಂತೆ ಕಿರುಚಿತು. ದೊಡ್ಡಕ್ಕ ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದಳು. ಆಕೆಗೆ ಮಾತ್ರ ಹೋದ ಜೀವ ಬಂದಂತಾಯಿತು. ಗಂಡ ಸತ್ತ ದಿನ ಇಂಥದಕ್ಕೆ ಸಮಾಧಾನಪಟ್ಟೆನಲ್ಲ ಎಂದು ಮರುಗಳಿಗೆಯೇ ತನ್ನ ಮೇಲೇ ಹೇಸಿಗೆಯಾಯಿತು.

*

ಅವನು ನಿವೃತ್ತನಾದ ಹೊಸತು. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು, ಟೀವಿ ರಿಪೇರಿ ಅಂಗಡಿಯಿಂದ ಹಾಳಾದ ಬೋರ್ಡೊಂದನ್ನು ತಂದ. ಅದರಿಂದ ರಿಮೋಟಿನ ಬೆಳಕು ಹಿಡಿಯುವ, ಬಟಾಣಿ ಗಾತ್ರದ, ಮೂರು ಕಾಲಿನ ಕಪ್ಪು ಕಣ್ಣೊಂದನ್ನು ಬಿಡಿಸಿ, ಮಗಳು ಬಿಟ್ಟುಹೋಗಿದ್ದ ಹಳೇ ಕಂಪ್ಯೂಟರಿನ ಮೈಕಿನ ತೂತಿಗೆ ಸಿಕ್ಕಿಸಿದ.

"ರಿಮೋಟು ಕಣ್ಣಿಗೆ ಕಾಣದ ಬೆಳಕಲ್ಲಿ ಮಾತಾಡುತ್ತೆ ಕಣೇ. ಏನ್ ಮಾತಾಡುತ್ತೆ ಅಂತ ಕಂಡುಹಿಡೀಬೇಕು."

"ಹೆಂಡತಿ ಕಿವಿಗೆ ಕೇಳೋ ಹಾಗೆ ಮಾತಾಡ್ತಾಳೆ, ಅದನ್ನ ಮೊದ್ಲು ಕಂಡುಹಿಡೀರಿ," ಎಂದಿದ್ದಳು ಆಕೆ. ಲಿಫ್ಟಿನ ಮೋಟಾರು ಕೋಣೆಗಳ ಸದ್ದಿಗೆ ಅವನ ಕಿವಿ ಅಷ್ಟರಲ್ಲಾಗಲೇ ಮಂದವಾಗಿತ್ತು. ಪಕ್ಕದಲ್ಲಿ ನಿಂತು ಹೇಳಿದರೆ ಕೇಳುತ್ತಿತ್ತು. ಗೋಡೆಯಾಚೆಯದು ಏನೂ ಕೇಳುತ್ತಿರಲಿಲ್ಲ.

ಆದರೂ ಸಂಜೆ ಹೊಲಿಗೆ ಮುಗಿಸಿ ಆಕೆ ಅವನ ಪಕ್ಕ ಬಂದು ಕೂರುತ್ತಿದ್ದಳು. ಹಳೇ ಟೀವಿ ರಿಮೋಟಿನ ಬಟನ್ ಒತ್ತಿದರೆ ಕಂಪ್ಯೂಟರಿನ ಪರದೆಯ ಮೇಲೆ ಬೇಲಿಯ ಗೂಟಗಳಂಥ ಗೆರೆಗಳು ಬರುತ್ತಿದ್ದವು. ಗೂಟಗಳ ನಡುವೆ ಕೆಲವು ಕಡೆ ಗಿಡ್ಡ ಸಂದಿ, ಕೆಲವು ಕಡೆ ಉದ್ದ ಸಂದಿ. ಗಿಡ್ಡವೆಂದರೆ ಸೊನ್ನೆ, ಉದ್ದವೆಂದರೆ ಒಂದು. ಅವನ ಕಣ್ಣಿಗೆ ಗೆರೆ ಕಲಸಿಹೋಗುತ್ತಿದ್ದುದರಿಂದ ಆಕೆ ಓದುವುದು, ಅವನು ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಳ್ಳುವುದು. "ಗಿಡ್ಡ, ಗಿಡ್ಡ, ಉದ್ದ, ಗಿಡ್ಡ." ಕೆಳಮನೆಯವರು ಇವರಿಬ್ಬರೂ ಯಾರದೋ ಹೆಣ್ಣು ಗಂಡಿನ ಎತ್ತರ ನೋಡುತ್ತಿದ್ದಾರೆಂದು ತಿಳಿದಿದ್ದರಂತೆ.

ಹಾಗೆ ಬರೆದದ್ದು ಒಂದಕ್ಕೊಂದು ತಾಳೆಯಾಗದೆ ವಾರವೆಲ್ಲ ಅವನು ಊಟ ಸರಿಯಾಗಿ ಮಾಡಲಿಲ್ಲ. ಒಂದು ಸಂಜೆ ಆಕೆ ತಡೆದು ಹೇಳಿದಳು: "ರೀ, ನಾನಿನ್ನೂ ಬಟನ್ ಒತ್ತೇ ಇಲ್ಲ. ಗೆರೆ ಆಗ್ಲೇ ಬರ್ತಿದೆ."

ಅವನು ಗೆರೆಗಳನ್ನು ನೋಡಿದ, ರಿಮೋಟನ್ನು ನೋಡಿದ, ತಲೆಯೆತ್ತಿ ಟ್ಯೂಬ್‌ಲೈಟನ್ನು ನೋಡಿದ. ಎದ್ದು ದೀಪ ಆರಿಸಿದ. ಗೆರೆಗಳು ನಿಂತುಹೋದವು.

"ಅಯ್ಯೋ ನನ್ನ ಬುದ್ಧಿಗಿಷ್ಟು! ವಾರದಿಂದ ಟ್ಯೂಬ್‌ಲೈಟ್ ಆಡಿದ ಮಾತು ಬರ್ಕೊಂಡಿದೀವಲ್ಲೇ!" ಕತ್ತಲಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆಮೇಲೆ ಎಲ್ಲ ಸರಸರ ಬಿಡಿಸಿಕೊಂಡಿತು. ರಿಮೋಟು ಮೊದಲು ಯಾರನ್ನು ಕರೆಯುತ್ತಿದ್ದೇನೆಂದು ಹೇಳುತ್ತದೆ. ಆಮೇಲೆ ಯಾವ ಬಟನ್ನೆಂದು ಹೇಳುತ್ತದೆ. ಆಮೇಲೆ ಅದನ್ನೇ ತಿರುಗಾಮುರುಗಾ ಮಾಡಿ ಇನ್ನೊಮ್ಮೆ ಹೇಳುತ್ತದೆ, ಕೇಳಿದವನಿಗೆ ಅನುಮಾನ ಉಳಿಯಬಾರದೆಂದು. "ಥೇಟ್ ನಿಮ್ಮ ದೊಡ್ಡಕ್ಕ," ಎಂದಳು ಆಕೆ.

"ಒತ್ತಿ ಹಿಡ್ಕೊಂಡ್ರೆ ಮಾತ್ರ ಪೂರ್ತಿ ಮಾತು ಮತ್ತೆ ಹೇಳಲ್ಲ ನೋಡು," ಅವನು ಪರದೆಯ ಮೇಲೆ ಬೆರಳಿಟ್ಟು ತೋರಿಸಿದ. "ಒಂದು ಸಣ್ಣ ಮಿಡಿತ, ಅಷ್ಟೆ. 'ಇನ್ನೂ ಇದೀನಿ, ಇನ್ನೂ ಇದೀನಿ' ಅಂತ."

ರಿಮೋಟಿನ ಬುಡದಲ್ಲಿ ಯಾರೂ ಮುಟ್ಟದ ನಾಲ್ಕು ಬಣ್ಣದ ಬಟನ್ನುಗಳಿದ್ದವು. ಹಸಿರನ್ನು ದೀಪಕ್ಕೆ ಕೊಟ್ಟ, ಹಳದಿಯನ್ನು ಫ್ಯಾನಿಗೆ, ನೀಲಿಯನ್ನು ರೇಡಿಯೋಗೆ. ಆ ಸಂಕೇತ ಕೇಳಿ ಸ್ವಿಚ್ಚು ಹಾಕುವ ಪೆಟ್ಟಿಗೆಯೊಂದನ್ನು ಮಾಡಿ ಗೋಡೆಗೆ ಬಡಿದ.

"ಕೆಂಪು ನಿಂಗೆ. ಏನು ಬೇಕು ಹೇಳು, ಅದಕ್ಕೆ ಜೋಡಿಸ್ತೀನಿ."

"ನಂಗ್ಯಾಕೆ ಬಟನ್ನು? ನೀವು ಕೂಗಿ, ನಾನು ಬರ್ತೀನಿ. ಸಾಲ್ದಾ?"

ಹೀಗೆ ಕೆಂಪು ಬಟನ್ ಖಾಲಿ ಉಳಿದಿತ್ತು. ಅವನು ಬಲಗೈ, ಬಲಗಾಲು, ಮಾತು ಮೂರನ್ನೂ ಕಳೆದುಕೊಂಡು ಮಂಚ ಹಿಡಿದಾಗ ಗ್ರೀಸಣ್ಣ ಬಂದು, ಅಟ್ಟದ ಮೇಲಿದ್ದ ಹಳೇ ಲಿಫ್ಟಿನ ಗಂಟೆಯನ್ನು ಇಳಿಸಿ, ಅದಕ್ಕೆ ಜೋಡಿಸಿದ. ಮಿಕ್ಕ ಮೂರು ಬಟನ್ನುಗಳು ಆ ಹೊತ್ತಿಗಾಗಲೇ ಕೆಟ್ಟು ಸುಮ್ಮನಾಗಿದ್ದವು.

*

"ವ್ಯಾನು ಇನ್ನೂ ದಾರಿಯಲ್ಲಿದೆಯಂತೆ," ಎಂದು ಯಾರೋ ಹೇಳಿದರು. ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಮಗಳು ಆಕೆಯ ಇನ್ನೊಂದು ಪಕ್ಕ ಕೂತು ಫೋನಿನಲ್ಲಿ ಅಪ್ಪನ ಹಳೇ ವಿಡಿಯೋಗಳನ್ನು ತೆಗೆದಳು. ದೊಡ್ಡಕ್ಕ ಕನ್ನಡಕ ಏರಿಸಿಕೊಂಡು ಬಾಗಿದಳು. ಗ್ರೀಸಣ್ಣ ಕುರ್ಚಿಯ ಹಿಂದೆ ನಿಂತ.

ಮೊದಲನೆಯದರಲ್ಲಿ ಅವನು ಗಟ್ಟಿಮುಟ್ಟಾಗಿದ್ದ. ರಿಮೋಟಿನ ಮೂತಿಯನ್ನು ಫೋನಿಗೆ ಹಿಡಿದು ಪಾಠ ಹೇಳುತ್ತಿದ್ದ: "ಬರೀ ಕಣ್ಣಿಗೆ ಕಾಣಲ್ಲ. ಫೋನಿನ ಈ ಕಡೆ ಕ್ಯಾಮೆರಾಗೆ ತೋರಿಸು, ನೇರಳೆ ಬಣ್ಣ ಮಿಣಕ್ ಮಿಣಕ್ ಅನ್ನುತ್ತೆ. ಮಿಣುಕಿದ್ರೆ ರಿಮೋಟಿಗೆ ಜೀವ ಇದೆ ಅಂತ. ನೋಡು." ಒತ್ತಿದ. ರಿಮೋಟಿನ ತುದಿಯಲ್ಲಿ ನೇರಳೆ ಕಿಡಿ ಮಿಣುಕಿತು. ಜನ ಮುಂದೆ ಬಾಗಿ ನೋಡಿದರು.

"ಇದು ಈಚೀಚಿನದು," ಮಗಳು ಬೆರಳಾಡಿಸಿದಳು. "ನಾನು ಬೇಸಿಗೇಲಿ ಬಂದಿದ್ನಲ್ಲ, ಆವಾಗ."

ಮಂಚದ ಮೇಲೆ ದಿಂಬಿಗೊರಗಿದ ಅವನು, ಪಕ್ಕದಲ್ಲಿ ಮಗಳು. ಫೋನಿನ ಪರದೆಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಾ ಮಗಳು ಹೇಳುತ್ತಿದ್ದಳು, "ಅಪ್ಪಾ, ಇಲ್ನೋಡು, ನಗು." ಅವನು ಎಡಗೈಯಲ್ಲಿ ರಿಮೋಟನ್ನು ಮೆಲ್ಲಗೆ ಎತ್ತಿ, ಮೂತಿಯನ್ನು ಫೋನಿಗೆ ಹಿಡಿದು ಒತ್ತಿದ. "ನನ್ನನ್ನೇ ಆಫ್ ಮಾಡ್ತೀಯಾ ಅಪ್ಪಾ?" ಎಂದು ಮಗಳು ನಕ್ಕಳು. ಅವನು ನಗಲಿಲ್ಲ. ಪರದೆಯನ್ನು ದಿಟ್ಟಿಸಿ ಇನ್ನೊಮ್ಮೆ ಒತ್ತಿದ. ಮತ್ತೂ ಒಮ್ಮೆ ಒತ್ತಿದ. ರಿಮೋಟಿನ ತುದಿಯಲ್ಲಿ ಏನೂ ಮಿಣುಕಲಿಲ್ಲ. ಆಮೇಲೆ ಅವನ ಕಣ್ಣು ಬಾಗಿಲ ಕಡೆ ತಿರುಗಿತು. ಬಾಗಿಲಲ್ಲಿ, ಹೆಗಲ ಮೇಲೆ ಪರದೆ ಬಟ್ಟೆ ಹೊತ್ತುಕೊಂಡು, ಆಕೆ ನಿಂತಿದ್ದಳು. ಅವನು ನೆಟ್ಟಗಿದ್ದ ಅರ್ಧ ಬಾಯಿಯಲ್ಲಿ ಆಕೆಯತ್ತ ನಕ್ಕು, ರಿಮೋಟನ್ನು ಎದೆಯ ಮೇಲೆ ಇಳಿಸಿಕೊಂಡ.

"ಪಾಪ, ಮಗು ಹಾಗೆ ಆಗ್ಬಿಟ್ಟಿದ್ದ," ದೊಡ್ಡಕ್ಕ ಕಣ್ಣೊರೆಸಿಕೊಂಡಳು.

"ಇನ್ನೊಂದ್ಸಲ ಹಾಕು," ಗ್ರೀಸಣ್ಣ ಅಂದ.

ಮಗಳು ಮತ್ತೆ ಹಾಕಿದಳು. ಈ ಸಲ ಅವಳಿಗೂ ಕಂಡಿತು. "ಹೌದಲ್ಲ ಮಾಮ, ಇದ್ರಲ್ಲಿ ಯಾಕೆ ಮಿಣುಕ್ತಿಲ್ಲ? ಅದೇ ಫೋನು, ಅದೇ ರಿಮೋಟು."

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎಂದು ಆಕೆಗೆ ಅನಿಸಿತು.

"ಒಂದ್ ಲೋಟ ನೀರು ಕುಡೀತೀನಿ," ಎಂದು ಗ್ರೀಸಣ್ಣ ತಾನೇ ಅಡುಗೆಮನೆಗೆ ಹೋದ. ದೊಡ್ಡಕ್ಕ ಅವನ ಹಿಂದೆಯೇ ಕೂಗಿ ಹೇಳಿದಳು, "ಅಲ್ಲಿ ಗಡಿಯಾರ ನೋಡಿದ್ರಾ? ನಿಂತ್ಹೋಗಿದೆ. ಯಜಮಾನನ ಜೊತೆಗೇ ಅದೂ ನಿಂತುಬಿಟ್ಟಿದೆ ನೋಡಿ. ಜಡವಸ್ತು, ಅದಕ್ಕೂ ಗೊತ್ತಾಗುತ್ತೆ." ಹಜಾರದಲ್ಲಿ ನಾಲ್ಕು ಜನ ನಿಟ್ಟುಸಿರಿಟ್ಟರು. ಆಕೆ ತಲೆ ಎತ್ತಲಿಲ್ಲ. ಅಡುಗೆಮನೆಯಲ್ಲಿ ಗಡಿಯಾರವನ್ನು ಮೊಳೆಯಿಂದ ತೆಗೆದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಮೊಳೆಗೆ ಸಿಕ್ಕಿಸಿದ ಸದ್ದು.

ಗ್ರೀಸಣ್ಣ ಬಾಯಿ ಒರೆಸಿಕೊಳ್ಳುತ್ತಾ ಬಂದ. ಆಕೆಯ ಕಡೆ ನೋಡಲಿಲ್ಲ. "ಕಿಟಕಿ ಬೆಳಕು ಎದುರಿಗಿದ್ರೆ ಮಿಣುಕೋದು ಕಾಣಲ್ಲ ಮಗಳೇ," ಎಂದ. "ಬಿಸಿಲಲ್ಲಿ ತೆಗ್ದಿದೀಯ, ಅದಕ್ಕೆ."

"ಓ, ಹೌದಾ," ಎಂದು ಮಗಳು ಫೋನು ಆರಿಸಿದಳು.

ಬೈದಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳೋ ಏನೋ. ಕಾಲರ್ ಹಿಡಿದು ಕೇಳಿದ್ದರೂ ಸರಿಯಿತ್ತು. ಸುಳ್ಳು ಹೇಳಲು ಬಾರದ ಆ ಮನುಷ್ಯ ತನ್ನ ಮಾನ ಉಳಿಸಲು ಸುಳ್ಳು ಹೇಳಿ, ಮುಖ ತಿರುಗಿಸಿಕೊಂಡು ನಿಂತದ್ದನ್ನು ನೋಡಲು ಆಕೆಗೆ ಆಗಲಿಲ್ಲ. "ಅವರ ಹತ್ತಿರ ಸ್ವಲ್ಪ ಕೂತಿರ್ತೀನಿ," ಎಂದು ಎದ್ದು ಒಳಗೆ ಹೋದಳು.

*

ಅವನು ಒತ್ತುತ್ತಿದ್ದದ್ದು ಹೆಚ್ಚು, ಇಲ್ಲವೆನ್ನಲಾಗದು. ದಿಂಬು ಸರಿಸು, ಕಿಟಕಿ ತೆರೆ, ಕಿಟಕಿ ಮುಚ್ಚು. ಏನು ಬೇಕೆಂದು ಬಾಯಲ್ಲಿ ಹೇಳಲಾಗದೆ ಕಣ್ಣಲ್ಲಿ ತೋರಿಸುತ್ತಿದ್ದ. ಆಕೆಗೆ ತಿಳಿಯದಿದ್ದರೆ ಸಿಟ್ಟಿನಿಂದ ಬಟನ್ ಬಿಡದೆ ಹಿಡಿದುಕೊಳ್ಳುತ್ತಿದ್ದ. ಗಂಟೆ ಕಿರುಚುತ್ತಲೇ ಇರುತ್ತಿತ್ತು. ಹಗಲು ಹೊಲಿಗೆ, ರಾತ್ರಿ ಜಾಗರಣೆ. ಆಕೆಗೆ ಗಂಟೆಯ ಸದ್ದಿಗೆ ಮೈ ಉರಿಯತೊಡಗಿತ್ತು.

ಆ ಮಧ್ಯಾಹ್ನ ದಪ್ಪ ಬಟ್ಟೆಗೆ ಮಡಿಕೆ ಹಾಕುತ್ತಿದ್ದಳು. ಗಂಟೆ ಬಾರಿಸಿತು. ಬೆಚ್ಚಿ ಕಾಲು ಒತ್ತಿದಾಗ ಸೂಜಿ ಬೆರಳಿಗೆ ಹೊಕ್ಕಿತು. ರಕ್ತ ಸೋರುವ ಬೆರಳನ್ನು ಬಾಯಲ್ಲಿಟ್ಟುಕೊಂಡು ಓಡಿದಳು. ಅವನು ಕಿಟಕಿಯತ್ತ ಕಣ್ಣು ತೋರಿಸಿದ. ಕಿಟಕಿಯ ಕಟ್ಟೆಯ ಮೇಲೆ ಎರಡು ಪಾರಿವಾಳ ಕೂತಿದ್ದವು. ಅಷ್ಟೇ. ಅದನ್ನು ನೋಡೆಂದು ಕರೆದಿದ್ದ.

"ಪಾರಿವಾಳ ನೋಡೋಕೆ ಕರೆದ್ರಾ? ನಾನೇನು ಮನುಷ್ಯಳಲ್ವಾ?"

ಅವನ ಮುಖ ಬಾಡಿದ್ದನ್ನು ಆಕೆ ನೋಡಿದಳು. ನೋಡಿಯೂ ಹೊರಗೆ ಬಂದಳು. ಅವನು ನಿದ್ದೆ ಹೋದ ಮೇಲೆ ಸದ್ದಿಲ್ಲದೆ ರಿಮೋಟು ತೆಗೆದುಕೊಂಡು, ಸಿಟ್ಟಿನಲ್ಲಿ ಸ್ಪ್ರಿಂಗು ಬಗ್ಗುವಂತೆ ಸೆಲ್ಲು ಕಿತ್ತಳು. ಒಂದು ಮಧ್ಯಾಹ್ನ, ಒಂದೇ ಒಂದು ಮಧ್ಯಾಹ್ನ ನೆಮ್ಮದಿಯಾಗಿ ಮಲಗುತ್ತೇನೆ, ಸಂಜೆ ಹಾಕಿಬಿಡುತ್ತೇನೆ ಎಂದುಕೊಂಡಳು. ಎಷ್ಟು ಚೆನ್ನಾಗಿ ನಿದ್ದೆ ಬಂತೆಂದರೆ, ಸಂಜೆ ಹಾಕುವ ಮನಸ್ಸಾಗಲಿಲ್ಲ. ಮರುದಿನವೂ ಆಗಲಿಲ್ಲ.

ಅವನಿಗೆ ಅಡುಗೆಮನೆಯ ಸದ್ದು ಕೇಳುವುದಿಲ್ಲವಲ್ಲ. ಆಕೆ ತನಗೆ ಬಿಡುವಾದಾಗ ಹೋಗಿ, ಅವನ ಕಿವಿಯ ಹತ್ತಿರ ಬಾಗಿ, "ಬೆಲ್ ಕೇಳಿಸ್ತು, ಬಂದೆ. ಏನ್ ಬೇಕು?" ಅನ್ನುತ್ತಿದ್ದಳು. ಮೊದಲ ಸಲ ಹೇಳುವಾಗ ನಾಲಿಗೆ ತೊಡರಿತ್ತು. ಆಮೇಲೆ ರೂಢಿಯಾಯಿತು.

ಮಗಳು ಬಂದುಹೋದ ಮೇಲೆ ಒಂದು ವಿಚಿತ್ರ ಶುರುವಾಯಿತು. ಆಕೆ ಯಾವಾಗ ಕೋಣೆಗೆ ಹೋದರೂ ಅವನ ಹೆಬ್ಬೆರಳು ಕೆಂಪು ಬಟನ್ನಿನ ಮೇಲೆ ಒತ್ತಿಕೊಂಡಿರುತ್ತಿತ್ತು. ಆಕೆ "ಬೆಲ್ ಕೇಳಿಸ್ತು, ಬಂದೆ," ಎಂದರೆ ಬೆರಳು ತೆಗೆದು ತಲೆಯಾಡಿಸುತ್ತಿದ್ದ. ಪಾಪ, ಹಗಲೆಲ್ಲ ಒತ್ತುತ್ತಲೇ ಇರುತ್ತಾರೆ ಎಂದುಕೊಂಡಿದ್ದಳು. "ನಿಮ್ಮಪ್ಪನಿಗೆ ಈಗೀಗ ಏನೂ ತಿಳಿಯಲ್ಲ ಕಣೆ," ಎಂದು ಮಗಳಿಗೆ ಫೋನಿನಲ್ಲಿ ಹೇಳಿಯೂ ಇದ್ದಳು.

*

ಕೋಣೆಯಲ್ಲಿ ಯಾರೂ ಇರಲಿಲ್ಲ. ವ್ಯಾನು ಬಂತೆಂದು ಗಂಡಸರು ಮೆಟ್ಟಿಲಿಳಿದಿದ್ದರು. ತಿರುವಿನಲ್ಲಿ ಹೇಗೆ ಇಳಿಸುವುದೆಂದು ಗ್ರೀಸಣ್ಣ ಕೂಗಿ ಹೇಳುತ್ತಿದ್ದುದು ಕೇಳುತ್ತಿತ್ತು. ಮಗಳೂ ಕೆಳಗೆ ಹೋಗಿದ್ದಳು. ಹೋಗುವ ಮುಂಚೆ ರಿಮೋಟನ್ನು ಅಪ್ಪನ ಎಡಗೈಯೊಳಗೆ ಇಟ್ಟಿದ್ದಳು.

ಆಕೆ ಮಂಚದ ತಲೆಯ ಕಡೆ, ಅವನ ದಿಂಬಿನ ಪಕ್ಕ ಕೂತಳು. ಇಷ್ಟು ತಿಂಗಳಲ್ಲಿ ಒಮ್ಮೆಯೂ ಅಲ್ಲಿ ಕೂತಿರಲಿಲ್ಲ; ಯಾವಾಗಲೂ ಮಂಚದ ಪಕ್ಕ ನಿಂತೇ, ಬಾಗಿ, ಮಾತ್ರೆ ಕೊಟ್ಟು ಹೋಗುವುದು. ತಲೆಯೆತ್ತಿದಾಗ ಎದುರಿನ ಬೀರುವಿನ ಕನ್ನಡಿ ಕಂಡಿತು. ಕನ್ನಡಿಯಲ್ಲಿ ತೆರೆದ ಬಾಗಿಲು, ಬಾಗಿಲಾಚೆ ಹಜಾರ, ಹಜಾರದ ಮೂಲೆಯಲ್ಲಿ ಹೊಲಿಗೆ ಯಂತ್ರ, ಯಂತ್ರದ ಮುಂದೆ ಆಕೆಯ ಸ್ಟೂಲು.

ಆಕೆ ಆ ಸ್ಟೂಲನ್ನು ನೋಡುತ್ತಾ ಕೂತಳು. ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಅವನು ಒತ್ತಿದಾಗಲೆಲ್ಲ ಕನ್ನಡಿಯಲ್ಲಿ ಆಕೆಯ ಬೆನ್ನು ಕಂಡಿತ್ತು. ಗಂಟೆ ಬಾರಿಸಿದ್ದರೆ ಅಲುಗಬೇಕಾಗಿದ್ದ ಬೆನ್ನು ಅಲುಗಿರಲಿಲ್ಲ. ಅನುಮಾನ ಬಂದಿತ್ತು. ಮಗಳ ಫೋನು ಕಣ್ಣೆದುರು ಬಂದಾಗ ಪರೀಕ್ಷೆ ಮಾಡಿ ನೋಡಿದ್ದ. ಗೊತ್ತಾಗಿತ್ತು. ಗೊತ್ತಾದ ಮೇಲೆ ಮ್ಯಾನೇಜರನ ಕಾಲರ್ ಹಿಡಿದ ಆ ಮನುಷ್ಯ ಆಕೆಯತ್ತ ನೋಡಿ ನಕ್ಕಿದ್ದ. ಅಲ್ಲಿಂದಾಚೆ, ಆಕೆ ತಾನಾಗಿ ಸ್ಟೂಲಿನಿಂದ ಏಳುವುದನ್ನು ಕನ್ನಡಿಯಲ್ಲಿ ನೋಡಿ, ಕೋಣೆಗೆ ಬರುವಷ್ಟರಲ್ಲಿ ಬಟನ್ನಿನ ಮೇಲೆ ಬೆರಳಿಟ್ಟುಕೊಳ್ಳುತ್ತಿದ್ದ. ಬೆಲ್ ಕೇಳಿಸ್ತು ಎಂದು ಹೆಂಡತಿ ಹೇಳುವ ಮಾತು ಸುಳ್ಳಾಗಬಾರದೆಂದು.

ಏನೂ ತಿಳಿಯಲ್ಲ ಎಂದಿದ್ದಳಲ್ಲ ಆಕೆ ಮಗಳಿಗೆ.

ನಿನ್ನೆ ಮಧ್ಯಾಹ್ನ ಆ ನೀಲಿ ಪರದೆ ಹೊಲಿಯುತ್ತಿದ್ದಳು. ಅವಸರದ ಕೆಲಸ, ಮಧ್ಯೆ ಏಳಲಿಲ್ಲ. ಆಮೇಲೆ ಟೀ ಹಿಡಿದುಕೊಂಡು ಬಂದರೆ ಅವನು ಹೋಗಿಬಿಟ್ಟಿದ್ದ. ಕೈಯಲ್ಲಿ ರಿಮೋಟಿತ್ತು. ಹೆಬ್ಬೆರಳು ಕೆಂಪಿನ ಮೇಲಿತ್ತು. ಮುಖ ಕನ್ನಡಿಯ ಕಡೆಗಿತ್ತು. ಆಕೆ ಯಾರನ್ನೂ ಕರೆಯುವ ಮೊದಲು ಮಾಡಿದ ಕೆಲಸವೆಂದರೆ, ಆ ಬೆರಳುಗಳನ್ನು ಬಿಡಿಸಿ ರಿಮೋಟನ್ನು ಬಚ್ಚಿಟ್ಟದ್ದು.

"ರೀ," ಎಂದಳು. ಇಷ್ಟು ನಾಚಿಕೆ ಮನುಷ್ಯರಿಗೆ ಆಗಬಹುದೆಂದು ಆಕೆಗೆ ಗೊತ್ತಿರಲಿಲ್ಲ.

ಅವನ ತಣ್ಣನೆಯ ಬೆರಳುಗಳನ್ನು ಮತ್ತೆ ಬಿಡಿಸಿದಳು. ರಿಮೋಟು ತೆಗೆದುಕೊಂಡು, ಗೋಡೆಯ ಪೆಟ್ಟಿಗೆಯತ್ತ ಹಿಡಿದು, ಕೆಂಪು ಬಟನ್ ಒತ್ತಿದಳು. ಒತ್ತಿ ಹಿಡಿದಳು. ಅಡುಗೆಮನೆಯಲ್ಲಿ ಗಂಟೆ ಕಿರುಚತೊಡಗಿತು.

"ಬಂದೆ, ಬಂದೆ!" ಒದ್ದೆ ಕೈ ಕೊಡವುತ್ತಾ ದೊಡ್ಡಕ್ಕ ಕುಂಟಿಕೊಂಡೇ ಓಡಿ ಬಂದಳು. ಗೋಡೆ ಹಿಡಿದು ಏದುಸಿರು ಬಿಟ್ಟಳು. "ಏನಮ್ಮಾ? ಏನಾಯ್ತು? ಏನ್ ಬೇಕು?"

"ಸೆಲ್ ತೆಗ್ದಿಟ್ಟಿದ್ದೆ ಅಕ್ಕಾ. ನಾನೇ ತೆಗ್ದಿಟ್ಟಿದ್ದೆ. ಬೇಸಿಗೆಯಿಂದ."

"ಏನಂದೆ? ಒಂದೂ ಕೇಳಿಸ್ತಿಲ್ಲ. ಮೊದ್ಲು ಆ ಬೆಲ್ ನಿಲ್ಸು, ಆಮೇಲೆ ಹೇಳು!"

ಆಕೆ ಬೆರಳು ತೆಗೆಯಲಿಲ್ಲ. ಮೆಟ್ಟಿಲಿನ ಮೇಲೆ ದಡದಡನೆ ಹೆಜ್ಜೆ ಕೇಳಿಸಿದವು. ಕನ್ನಡಿಯಲ್ಲಿ, ಖಾಲಿ ಸ್ಟೂಲನ್ನು ದಾಟಿಕೊಂಡು, ಅಷ್ಟು ಮಹಡಿ ಒಂದೇ ಉಸಿರಿಗೆ ಹತ್ತಿದ ಗ್ರೀಸಣ್ಣ ಓಡಿ ಬರುತ್ತಿದ್ದ. ಅವನ ಹಿಂದೆ ಮಗಳು, ಮಗಳ ಹಿಂದೆ ಕೆಳಮನೆಯವರು, ಗುರುತಿಲ್ಲದ ವ್ಯಾನಿನ ಡ್ರೈವರು ಕೂಡ. ಗಂಟೆ ಬಾರಿಸುತ್ತಲೇ ಇತ್ತು. ಒಬ್ಬೊಬ್ಬರೂ ಬಾಗಿಲಲ್ಲಿ ಬಂದು ನಿಂತು, ಏನಾಯಿತು, ಏನು ಬೇಕು ಎಂದು ಕೇಳುತ್ತಿದ್ದರು.